ಆಮೆನ್ ಬೀಳದ ಪ್ರಾರ್ಥನೆ

ನನ್ನ ಪ್ರೀತಿಯ ಸೌಟು ಸಿಪಾಯಿಯವರಿಗೆ,

ನಿಮ್ಮ ಏಪ್ರನ್ ತೊಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ನಗಬೇಡಿ. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿ ಹೋದಿರಲ್ಲ, ಅದೇ. ಒಗೆದಿಲ್ಲ, ಒಗೆಯುವುದೂ ಇಲ್ಲ. ಅತ್ತೆ ಬಕೆಟ್ಟಿಗೆ ಹಾಕಿದಾಗಲೆಲ್ಲ ನಾನು ತೆಗೆದು ಮತ್ತೆ ಮೊಳೆಗೆ ಸಿಕ್ಕಿಸಿದೆ. ಕೊನೆಗೆ ಅವರೇ ಸೋತು, "ಈರುಳ್ಳಿ ವಾಸನೆ ಹೊಡಿಯೋ ಬಟ್ಟೇನ ಮುದ್ದು ಮಾಡೋಳನ್ನ ಇದೇ ಮೊದಲು ನೋಡ್ತಿರೋದು ಕಣಮ್ಮ" ಅಂದರು. ಈರುಳ್ಳಿ ಕೊಯ್ಯದೆಯೇ ಕಣ್ಣಲ್ಲಿ ನೀರು ಬರಿಸುವ ಏಪ್ರನ್ ಇದು. ಎಷ್ಟು ಅನುಕೂಲ ನೋಡಿ.

ಕನ್ನಡದಲ್ಲೇ ಬರಿ ಎಂದು ನೀವು ಹೇಳಿದ್ದಿರಿ. "ಮೇಡಮ್ಮೋರೇ, ನೀವು ಇಂಗ್ಲಿಷಲ್ಲಿ ಪ್ರೀತಿ ಮಾಡಿದ್ರೆ ಅಂಗಡೀಲಿ ಕೊಂಡ ಗ್ರೀಟಿಂಗ್ ಕಾರ್ಡ್ ಓದ್ದಂಗೆ ಇರುತ್ತೆ" ಎಂದಿದ್ದು ನೆನಪಿದೆಯಾ? ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹಾಗೆ ನಿಂತೂ ನಿಂತೂ ಬೆಳೆದವಳು ನಾನು. ಒತ್ತಕ್ಷರ ತಪ್ಪಿದ್ದರೆ ನಿಮ್ಮ ಗೆಳೆಯರಿಗೆ ತೋರಿಸಬೇಡಿ, ಅಷ್ಟು ಸಾಕು.

ನಿಮ್ಮನ್ನು ಮದುವೆಯಾಗುತ್ತೇನೆ ಎಂದಾಗ ನನ್ನ ಚಿಕ್ಕಮ್ಮ, "ಸೈನ್ಯ ಅಂದ್ರಿ, ಬಂದೂಕು ಹಿಡಿಯೋ ಹುಡುಗ ಅನ್ಕೊಂಡ್ವಿ, ಸೌಟು ಹಿಡಿಯೋನಂತಲ್ಲ!" ಎಂದಿದ್ದರು. ನೀವು ಅಲ್ಲೇ ಕೂತಿದ್ದಿರಿ. "ಬಂದೂಕು ಹಿಡಿದೋರೂ ಹೊತ್ತೊತ್ತಿಗೆ ನನ್ನ ಮುಂದೆ ತಟ್ಟೆ ಹಿಡೀತಾರೆ ಚಿಕ್ಕಮ್ಮ" ಎಂದಿರಿ, ಒಂದು ಚೂರೂ ಬೇಜಾರಿಲ್ಲದೆ. ನಾನು ಬಿದ್ದದ್ದು ಆಗಲೇ. ಪೂರ್ತಿಯಾಗಿ, ಹಿಂದೆ ಮುಂದೆ ನೋಡದೆ. ಮದುವೆಗೆ ಮುಂಚೆ ಒಂದು ಕಾಫಿ ಕುಡಿಯುವುದಕ್ಕೂ ಅತ್ತೆಯನ್ನು ಜೊತೆಗೆ ಕೂರಿಸಿಕೊಂಡವರು ನಾವು. ಕಾಲೇಜಿನ ಹುಡುಗಿಯರು ಕೇಳಿದರೆ ಹೊಟ್ಟೆ ಹಿಡಿದು ನಗುತ್ತಾರೆ. ನಗಲಿ. ಕಾದು ಪಡೆದದ್ದಕ್ಕೆ ಎಂಥ ರುಚಿ ಎಂದು ಅಡುಗೆಯವರಾದ ನಿಮಗಲ್ಲದೆ ಇನ್ಯಾರಿಗೆ ಗೊತ್ತು!

ಆದರೆ ಈಗಿನ ಈ ಕಾಯುವಿಕೆ ಬೇರೆ ಥರ, ರೀ. ಬೆಳಗಾದರೆ ಮನೆ ತುಂಬಾ ದೊಡ್ಡದಾಗಿಬಿಡುತ್ತದೆ. ಇರುವುದು ಎರಡೇ ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸುವ ಒಂದು ಚಿಕ್ಕ ಬಾಲ್ಕನಿ. ಆದರೂ ನನ್ನ ಚಪ್ಪಲಿ ಸದ್ದು ನನಗೇ ಕೇಳಿಸುತ್ತದೆ. ಅತ್ತೆ ಒಳಕೋಣೆಯಲ್ಲಿ ರೇಡಿಯೋ ಹಚ್ಚಿಕೊಂಡು, ಸುದ್ದಿ ಶುರುವಾದ ಕೂಡಲೇ ಆರಿಸಿಬಿಡುತ್ತಾರೆ. ಬಟ್ಟೆಯಲ್ಲಿ ಸುತ್ತಿಟ್ಟ ನಿಮ್ಮ ಚಾಕುಗಳನ್ನು ನಾನು ಮುಟ್ಟಿಲ್ಲ. ನನ್ನ ಮೊಂಡು ಚಾಕುವಿನಲ್ಲೇ ಕ್ಯಾರೆಟ್ಟಿನ ಜೊತೆ ಗುದ್ದಾಡುತ್ತೇನೆ. ಕೆಳಗಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕಾಗ, "ಏನಮ್ಮ, ವಿಶೇಷ ಏನಾದ್ರೂ ಇದ್ಯಾ?" ಎಂದು ಹುಬ್ಬು ಕುಣಿಸಿದರು. "ಇದೆ ಆಂಟಿ, ಅನ್ನ ಸೀದೋಯ್ತು" ಎಂದೆ.

ನಮ್ಮ ಬೇಕರಿ ಪುಸ್ತಕ ದಿಂಬಿನ ಪಕ್ಕದಲ್ಲೇ ಇದೆ. ನೀವು ಮುಂಚೂಣಿಗೆ ಹೋಗುವವರೆಗೂ ಪ್ರತಿ ಭಾನುವಾರ ಮಧ್ಯಾಹ್ನ ನೀವು ಅಲ್ಲಿ, ನಾನು ಇಲ್ಲಿ, ಒಂದೇ ಕಾದಂಬರಿಯ ಒಂದೊಂದು ಅಧ್ಯಾಯ ಓದಿ ಫೋನಿನಲ್ಲಿ ಜಗಳವಾಡುತ್ತಿದ್ದೆವಲ್ಲ, ಅದಕ್ಕಿಂತ ದೊಡ್ಡ ಮಧುಚಂದ್ರ ಇನ್ನಾವುದು? "ಈ ಲೇಖಕ ಜನ್ಮದಲ್ಲಿ ಹಿಟ್ಟು ನಾದಿಲ್ಲ ಕಣೇ, ಇಷ್ಟು ಬೇಗ ಉಬ್ಬಲ್ಲ ಅದು" ಎಂದು ನೀವು. "ಸ್ವಾಮೀ, ಇದು ಸಾಹಿತ್ಯ, ಅಡುಗೆ ಪುಸ್ತಕ ಅಲ್ಲ" ಎಂದು ನಾನು. ನಾವು ಓದು ನಿಲ್ಲಿಸಿರುವುದು ಎಂಥ ಜಾಗದಲ್ಲಿ! ಯುದ್ಧ ನಡೆಯುತ್ತಿರುವ ಆ ಪಟ್ಟಣದ ಶಾಲೆಯಲ್ಲಿ ಸೆರೆಸಿಕ್ಕ ಶತ್ರು ಸೈನಿಕರನ್ನು ಕೂಡಿಹಾಕಿದ್ದಾರೆ. ಅವರಿಗೆ ಒಂದು ತುಂಡು ಬ್ರೆಡ್ಡೂ ಕೊಡಕೂಡದು ಎಂದು ಆಜ್ಞೆಯಾಗಿದೆ. ಬೇಕರಿಯವನು ಬೆಳಗಿನ ಜಾವ ಎದ್ದು ಒಲೆ ಹಚ್ಚಿದ್ದಾನೆ, ಊರವರು ಬಾಗಿಲಲ್ಲಿ ನಿಂತಿದ್ದಾರೆ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಅವನು ಏನು ಮಾಡಬೇಕು ಹೇಳಿ ಎಂದು ನಾನು ಕಾಡಿದೆ. "ಮುಂದಿನ ವಾರ ಓದಿ ಹೇಳ್ತೀನಿ" ಎಂದಿರಿ. ಆ ಮುಂದಿನ ವಾರಕ್ಕೆ ಮುಂಚೆ ನಿಮ್ಮನ್ನು ಫೋನು ಸಿಗದ ಜಾಗಕ್ಕೆ ಕಳಿಸಿದರು. ನಾನು ಪುಟ ತಿರುಗಿಸಿಲ್ಲ. ಗುರುತಿಗೆ ಇಟ್ಟ ಬಸ್ ಟಿಕೆಟ್ಟು ಅದೇ ಜಾಗದಲ್ಲಿದೆ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಇಷ್ಟು ಹೊತ್ತು ಏಪ್ರನ್ನು, ಈರುಳ್ಳಿ ಎಂದು ಸುತ್ತಿ ಬಳಸಿದ್ದು ಹೆದರಿಕೆಗೆ ಎಂದು ನಿಮಗೆ ಆಗಲೇ ಗೊತ್ತಾಗಿರಬೇಕು.

ಟೈಲರ್ ದೊಡ್ಡಪ್ಪ ನಿಮಗೆ ಪತ್ರ ಬರೆಯುತ್ತಾರೆ. ಬರೆದೂ ಆಗಿರಬಹುದು. ಅಂಚೆ ಲಾರಿಯ ಒಂದೇ ಚೀಲದಲ್ಲಿ ಎರಡೂ ನಿಮ್ಮ ಕೈಗೆ ಬರಬಹುದು. ದಯವಿಟ್ಟು ನನ್ನದನ್ನು ಮೊದಲು ಒಡೆಯಿರಿ. ಬೇಡ, ಅವರದ್ದನ್ನೇ ಮೊದಲು ಓದಿ, ಅವರು ಹಿರಿಯರು. ಆದರೆ ನನ್ನದನ್ನು ಓದುವವರೆಗೆ ಏನನ್ನೂ ತೀರ್ಮಾನ ಮಾಡಬೇಡಿ.

ನಿಮ್ಮ ಚರ್ಚಿನ ಸಭೆಯ ಪದ್ಧತಿ ನಿಮಗೆ ನಾನು ಹೇಳಬೇಕಾಗಿಲ್ಲ. ಮುಂಚೂಣಿಗೆ ಹೊಸದಾಗಿ ಹೋದವನ ಮನೆಯವರು, ಅವನಿಂದ ಸುದ್ದಿ ಬರುವವರೆಗೆ, ಪ್ರತಿ ಭಾನುವಾರ ಎದ್ದು ನಿಂತು ಸೈನಿಕರ ಪ್ರಾರ್ಥನೆ ಓದಬೇಕು. ಬರೆಯುವವರು ಸಭೆಯ ಹಿರಿಯರಾದ ದೊಡ್ಡಪ್ಪ. ಹಾಳೆ ಅವರ ಕೋಟಿನ ಜೇಬಿನಿಂದ ನೇರ ಓದುವವರ ಕೈಗೆ, ಎದ್ದು ನಿಂತ ಮೇಲೆ. ಒಂದೊಂದು ಸಾಲಿಗೂ ಸಭೆ ಆಮೆನ್ ಅನ್ನಬೇಕು. ಹೊಸ ಸೊಸೆ ನಾನು, ಹೋದ ಭಾನುವಾರ ಎಷ್ಟು ಹಿಗ್ಗಿನಿಂದ ಎದ್ದೆ ಗೊತ್ತಾ! ಮದುವೆಗೆ ಉಟ್ಟ ಸೀರೆಯನ್ನೇ ಉಟ್ಟಿದ್ದೆ. ನನ್ನ ಗಂಡನಿಗಾಗಿ, ನನ್ನ ದೇಶಕ್ಕಾಗಿ ಎಲ್ಲರ ಮುಂದೆ ಪ್ರಾರ್ಥಿಸುವ ಭಾಗ್ಯ! ರಾಷ್ಟ್ರಗೀತೆಯ ಮೊದಲ ಸ್ವರಕ್ಕೇ ಕಣ್ಣು ಒರೆಸಿಕೊಳ್ಳುವವಳು ನಾನು. ನೀವೇ ಕರವಸ್ತ್ರ ಕೊಟ್ಟು ನಕ್ಕಿದ್ದಿರಿ.

ಗಡಿ ಕಾಯುವವರನ್ನು ಕಾಯಿ ಎಂದು ಓದಿದೆ. ಆಮೆನ್. ಅವರ ಕೈಕಾಲುಗಳಿಗೆ ಬಲ ಕೊಡು. ಆಮೆನ್. ಅವರ ಅನ್ನ ನೀರಿಗೆ ಕೊರತೆಯಾಗದಿರಲಿ. ಇಲ್ಲಿ ನನಗೆ ನಗು ಬಂತು, ಅದು ನಮ್ಮವರ ಕೆಲಸ ಕಣ್ರಪ್ಪ ಅನ್ನಿಸಿತು. ಆಮೆನ್. ಆಮೇಲೆ ಕೊನೆಯ ಸಾಲು. "ನಮ್ಮ ವೈರಿಗಳ ತಾಯಂದಿರ ಮಡಿಲು ಬರಿದಾಗಲಿ, ಅವರ ಹೊಟ್ಟೆಯಲ್ಲಿ ಇನ್ನೊಬ್ಬ ಸೈನಿಕ ಹುಟ್ಟದಿರಲಿ."

ಕಣ್ಣು ಓದಿತು, ಬಾಯಿ ನಿಂತಿತು.

ರೀ, ಹಿಂದೊಂದು ಭಾನುವಾರ ಇದೇ ಸಾಲನ್ನು ಬೇರೆ ಯಾರೋ ಓದಿರಬೇಕು. ನಾನು ಆಮೆನ್ ಅಂದೂ ಇರಬೇಕು. ಆದರೆ ಅಂದು ನೀವು ಗಂಡಸರ ಸಾಲಿನಲ್ಲಿ ಕೂತಿದ್ದಿರಿ, ಕಿಟಕಿಯ ಬಿಸಿಲು ನಿಮ್ಮ ಕಿವಿಯ ಮೇಲೆ ಬಿದ್ದು ಕಿವಿ ಕೆಂಪಗಾಗಿತ್ತು, ನನಗೆ ಪ್ರಪಂಚದಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ.

ಕಾಲೇಜಿನಲ್ಲಿ ನನ್ನನ್ನು ಏನೆಂದು ಕರೆಯುತ್ತಿದ್ದರು ಹೇಳಿದ್ದೆನಲ್ಲ? ಮದರ್ ಸುಪೀರಿಯರ್, ಸನ್ಯಾಸಿನಿಯರಿಗೆಲ್ಲ ದೊಡ್ಡವಳು. ಹುಟ್ಟದ ಕೂಸಿನ ಜೀವ ದೇವರದ್ದು, ಅದನ್ನು ತೆಗೆಯುವ ಹಕ್ಕು ಯಾರಿಗೂ ಇಲ್ಲ ಎಂದು ಚರ್ಚಾಸ್ಪರ್ಧೆಯಲ್ಲಿ ನಿಂತು ಹೇಳಿದೆ. ಅರ್ಧ ಸಭಾಂಗಣ ಕೂಗಾಡಿತು. ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಗೆಳತಿ, ನನ್ನ ತಲೆ ಬಾಚುತ್ತಿದ್ದವಳು, "ನಿನ್ನ ಜೊತೆ ಮಾತಾಡೋಕೆ ನಂಗೆ ಭಯ ಆಗುತ್ತೆ" ಎಂದು ಹಾಸಿಗೆ ಸುತ್ತಿಕೊಂಡು ಬೇರೆ ಕೋಣೆಗೆ ಹೋದಳು. ಖಾಲಿ ಮಂಚ ನೋಡುತ್ತಾ ಪದವಿ ಮುಗಿಸಿದೆ. ಸಾಹಿತ್ಯದ ತರಗತಿಯಲ್ಲೂ ಅದೇ ಕಥೆ. ಕಾದಂಬರಿಗೆ ಒಳ್ಳೆಯದು ಕೆಟ್ಟದ್ದು ಎಂಬ ಅಳತೆ ಹಳೆಯದಾಯಿತು ಎಂದರು ಪ್ರೊಫೆಸರು. ನಾನು ಪರೀಕ್ಷೆಯಲ್ಲಿ, ಇದನ್ನು ಓದಿದ ಮೇಲೆ ನನ್ನ ನೆರೆಯವರ ಮೇಲೆ ಪ್ರೀತಿ ಹೆಚ್ಚಿತೇ ಎಂದು ಪ್ರತಿ ಪುಸ್ತಕವನ್ನೂ ಕೇಳುತ್ತೇನೆ ಎಂದು ಬರೆದೆ. ಅಂಕ ಎಷ್ಟು ಬಂತು ಕೇಳಬೇಡಿ. ಅದಕ್ಕೆ ಅಮ್ಮ, "ನೋಡು, ಕಾದಂಬರಿ ಓದ್ಬೇಡ ಅಂದೆ, ಓದಿ ಫೇಲೂ ಆಗ್ತಿದ್ದೀಯ" ಎಂದಿದ್ದರು.

ಚರ್ಚಾಸ್ಪರ್ಧೆಯ ಆ ಮಾತಿನಿಂದ ನಾನು ಇವತ್ತಿಗೂ ಹಿಂದೆ ಸರಿದಿಲ್ಲ. ಹೊಟ್ಟೆಯಲ್ಲಿರುವ ಕೂಸು ದೇವರದ್ದಾದರೆ, ಗಡಿಯಾಚೆಯ ಹೊಟ್ಟೆಯಲ್ಲಿರುವುದು ಯಾರದ್ದು? ಅಲ್ಲಿಗೆ ಬೇರೆ ದೇವರು ಬಂದು ಹೋಗುತ್ತಾನೆಯೇ? ನಾನು ನನ್ನ ದೇಶವನ್ನು ಅಮ್ಮನನ್ನು ಪ್ರೀತಿಸುವ ಹಾಗೆ ಪ್ರೀತಿಸುತ್ತೇನೆ. ಅಮ್ಮನ ಮೇಲೆ ಪ್ರೀತಿ ಹೆಚ್ಚಿತು ಎಂದು ಪಕ್ಕದ ಮನೆಯ ಅಮ್ಮನಿಗೆ ಕೇಡು ಬಯಸುತ್ತೇವಾ? ನೀವು ಗೆಲ್ಲಬೇಕು, ಗೆದ್ದು ಬರಬೇಕು, ಅದಕ್ಕಾಗಿ ದಿನಾ ಮಂಡಿಯೂರುತ್ತೇನೆ. ಗುಂಡು ಹಾರಿಸಬೇಡಿ ಎಂದು ಯಾವ ಸೈನಿಕನಿಗೂ ಹೇಳುವವಳಲ್ಲ ನಾನು. ಆದರೆ ದೇವರ ಮುಂದೆ ನಿಂತು, ಬಾಯಿ ಬಿಟ್ಟು, ಒಬ್ಬ ತಾಯಿಯ ಮಡಿಲು ಬರಿದಾಗಲಿ ಎನ್ನಲು ನನ್ನಿಂದ ಆಗಲಿಲ್ಲ.

ಹಾಳೆ ಮಡಚಿದೆ. "ಅವರ ತಾಯಂದಿರನ್ನೂ ಕಾಪಾಡು ಕರ್ತನೇ" ಎಂದೆ. ದನಿ ಎಷ್ಟು ಸಣ್ಣಗಿತ್ತೆಂದರೆ ನನ್ನದೇ ಎಂದು ನನಗೆ ಗೊತ್ತಾಗಲಿಲ್ಲ.

ಆಮೆನ್ ಬರಲಿಲ್ಲ. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಪಕ್ಕದಲ್ಲಿ ಅತ್ತೆ ತಮ್ಮ ಕೈಚೀಲದ ಗುಂಡಿಯನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದರು. ಇನ್ನು ಕೂತುಬಿಡೋಣ ಎನ್ನುವಷ್ಟರಲ್ಲಿ ಮುಂದಿನ ಬೆಂಚಿನಿಂದ ಒಂದೇ ಒಂದು ದನಿ ಬಂತು. ಆಮೆನ್.

ದೊಡ್ಡಮ್ಮ.

ನಿಮ್ಮ ಜೊತೆ ಗೋಲಿ ಆಡಿ ಬೆಳೆದ ಮಗನನ್ನು ಹೋದ ಯುದ್ಧದಲ್ಲಿ ಪೆಟ್ಟಿಗೆಯಲ್ಲಿ ಮನೆಗೆ ತಂದುಕೊಂಡ ದೊಡ್ಡಮ್ಮ.

ದೊಡ್ಡಪ್ಪನ ಮುಖ ಆಗ ನೋಡಬಾರದಿತ್ತು. ನನ್ನನ್ನಲ್ಲ, ಅವರು ನೋಡಿದ್ದು ಹೆಂಡತಿಯನ್ನು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನನ್ನ ಹತ್ತಿರ ಬಂದು, "ಓದಿದೋಳು ನೀನು, ನಿಂಗೆ ನಾನು ಹೇಳೋದೇನಿದೆ. ಅವನಿಗೆ ನಾನೇ ಬರೀತೀನಿ. ನಿನ್ನ ಗೆಳೆಯನ್ನ ಕೊಂದೋರಿಗೆ ನಿನ್ನ ಹೆಂಡ್ತಿ ಪ್ರಾರ್ಥನೆ ಮಾಡಿದ್ಲು ಅಂತ ಬರೀತೀನಿ" ಎಂದರು. ರಕ್ತಸಂಬಂಧವಿಲ್ಲದಿದ್ದರೂ ತಂದೆಯಿಲ್ಲದ ನಿಮಗೆ ಅವರು ಏನೆಂದು ನನಗೆ ಗೊತ್ತು. ನಿಮ್ಮ ಮೊದಲ ಸಮವಸ್ತ್ರವನ್ನು ಬಿಚ್ಚಿ, ನಿಮ್ಮ ಅಳತೆಗೆ ಮತ್ತೆ ಹೊಲಿದವರು ಅವರು. ನಮ್ಮ ಮದುವೆಯ ಬೆಳಗ್ಗೆ, ಕುತ್ತಿಗೆಗೆ ಟೇಪು ನೇತುಹಾಕಿಕೊಂಡು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನಿಮ್ಮ ಕೋಟಿನ ತೋಳು ಸರಿಮಾಡುತ್ತಾ, "ಅಲ್ಲಾಡ್ಬೇಡ ಕಣೋ, ಮದುಮಗ ಆದ್ರೂ ಕಪಿಚೇಷ್ಟೆ ಬಿಡ್ಲಿಲ್ಲ" ಎಂದು ಗದರಿದವರು. ಅವರ ಅಂಗಡಿಯ ಮುಂದೆ ಹಾದುಹೋಗುವಾಗ ಈಗ ಹೊಲಿಗೆಯಂತ್ರದ ಸದ್ದು ನಿಲ್ಲುತ್ತದೆ. ನಾನು ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ.

ಆಮೇಲಿನ ವಾರ ಹೇಗಿತ್ತೆಂದು ಹೇಳಲಾ? ಭಾನುವಾರದ ಶಾಲೆಯ ಮಕ್ಕಳಿಗೆ ಕಥೆ ಹೇಳುವುದು ಸದ್ಯಕ್ಕೆ ಬೇಡ, "ಸುಸ್ತಾಗಿರ್ತೀಯ, ರೆಸ್ಟ್ ತಗೊಮ್ಮ" ಎಂದರು. ಗಾಯನದ ಅಭ್ಯಾಸಕ್ಕೆ ಹೋದರೆ ನನ್ನ ಕುರ್ಚಿಯ ಮೇಲೆ ಯಾರದೋ ಚೀಲ. ತಮಾಷೆ ಏನು ಗೊತ್ತಾ? ಕಾಲೇಜಿನವರು ನನ್ನನ್ನು ಬಿಟ್ಟುಹೋದದ್ದು ನಾನು ತೀರಾ ಹಳೆಕಾಲದವಳು ಎಂದು. ಈಗ ಇವರು ದೂರ ಸರಿಯುತ್ತಿರುವುದು ನಾನು ತೀರಾ ಓದಿದವಳು ಎಂದು. ಎರಡು ಕಡೆಯೂ ನಾನು ಹೇಳಿದ್ದು ಒಂದೇ ಮಾತು. ಆಗ ಜೊತೆಗೆ ನೀವಿರಲಿಲ್ಲ. ಈಗ ಇದ್ದೀರಿ, ಆದರೆ ಇಲ್ಲಿಲ್ಲ. ಇದರಲ್ಲಿ ಯಾವುದು ಹೆಚ್ಚು ಒಂಟಿ ಎಂದು ಲೆಕ್ಕ ಹಾಕಲು ಹೋಗಿ ಹಾಲು ಉಕ್ಕಿಸಿದೆ. ಅತ್ತೆ ಬಂದು ಒರೆಸಿದರು. ಪ್ರಾರ್ಥನೆಯ ವಿಷಯವಾಗಿ ಅವರು ಇಂದಿನವರೆಗೂ ತುಟಿ ಬಿಚ್ಚಿಲ್ಲ.

ನಿನ್ನೆ ಮಧ್ಯಾಹ್ನ ದೊಡ್ಡಮ್ಮ ಬಂದಿದ್ದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ, ಕೈ ಅಡ್ಡ ಹಿಡಿದರು. "ನಾನು ಆ ಸಾಲಿಗೆ ಯಾವತ್ತೂ ಆಮೆನ್ ಅಂದಿಲ್ಲ ಮಗಳೇ. ತುಟಿ ಮುಚ್ಕೊಂಡು ಕೂತಿರ್ತಿದ್ದೆ. ಮಡಿಲು ಬರಿದಾಗೋದು ಏನೂಂತ ಅವರಿಗೆ ಏನು ಗೊತ್ತು, ಮಡಿಲಿರೋದು ನಂಗೆ." ಸ್ವಲ್ಪ ನೀರು ಕುಡಿದರು. "ಆದ್ರೆ ಅವರನ್ನ ಬೈಬೇಡ. ಆ ಸಾಲು ಬರಿಯೋದು ನಿಂತ್ರೆ ಅವರು ಅಳಬೇಕಾಗುತ್ತೆ. ಅಳೋದು ಅವರಿಗೆ ಬರಲ್ಲ."

ಅವರು ಹೋದ ಮೇಲೆ ಸ್ಟೂಲನ್ನು ಎತ್ತಿಡಲೇ ಇಲ್ಲ ನಾನು. ಒಂದು ಪ್ರಾರ್ಥನೆಯ ಕೊನೆಯ ಸಾಲು ಸರಿಯೋ ತಪ್ಪೋ ಎಂದಷ್ಟೇ ಯೋಚಿಸಿದ್ದೆ. ಒಬ್ಬ ಮುದುಕ ಅದನ್ನು ಊರುಗೋಲು ಮಾಡಿಕೊಂಡು ನಿಂತಿರಬಹುದು ಎಂದು ಹೊಳೆದಿರಲಿಲ್ಲ. ಆದರೂ ರೀ, ಊರುಗೋಲು ಎಂದು ಗೊತ್ತಾದ ಮೇಲೂ ಅದು ನನ್ನ ಬಾಯಿಂದ ಬರುವುದಿಲ್ಲ. ನಾಳೆ ಮತ್ತೆ ಭಾನುವಾರ. ನಿಮ್ಮಿಂದ ಸುದ್ದಿ ಬಂದಿಲ್ಲವಾದ್ದರಿಂದ ನಾಳೆಯೂ ಓದಬೇಕಾದವಳು ನಾನೇ. ಪದ್ಧತಿಯನ್ನು ದೊಡ್ಡಪ್ಪ ಮುರಿಯುವುದಿಲ್ಲ, ಆ ಸಾಲನ್ನು ಬಿಡುವುದೂ ಇಲ್ಲ.

ನನಗೆ ಇನ್ನೊಂದು ಭಯ ಇದೆ, ಅದು ನಿಮ್ಮದು. ಪೀಠದ ಮುಂದೆ ನಿಮಗೆ ವಿಧೇಯಳಾಗಿರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಈಗಿನ ಹುಡುಗಿಯರು ಆ ಮಾತನ್ನು ತೆಗೆಸಿಬಿಡುತ್ತಾರೆ. ನಾನು ಬೇಕೆಂದೇ ಇರಿಸಿಕೊಂಡೆ, ಗಟ್ಟಿಯಾಗಿ ಹೇಳಿದೆ, ನೀವು ನಾಚಿಕೊಂಡಿರಿ. ದೊಡ್ಡಪ್ಪನ ಪತ್ರ ಓದಿ, ಗೆಳೆಯನನ್ನು ನೆನೆದು, ನೀವು ಓದು ಎಂದುಬಿಟ್ಟರೆ? ನಿಮ್ಮ ಮಾತು ಮೀರಿ ಬಾಳಲು ನನಗೆ ಇಷ್ಟವಿಲ್ಲ. ಆ ಸಾಲು ಓದಿ ಬಾಳಲು ಆಗುವುದಿಲ್ಲ. ಹಾಗಾಗಿ ಕೈಮುಗಿದು ಕೇಳುತ್ತೇನೆ. ನಾನು ಮಾಡಿದ್ದು ತಪ್ಪು ಅನ್ನಿಸಿದರೆ ತಪ್ಪು ಎಂದೇ ಬರೆಯಿರಿ, ಹೆಂಡತಿ ಎಂದು ಮೆಚ್ಚಿಸುವ ಮಾತು ಬೇಡ. ಆದರೆ ಓದು ಎಂದು ಮಾತ್ರ ಆಜ್ಞೆ ಮಾಡಬೇಡಿ.

ಬೇಕರಿಯವನು ಏನು ಮಾಡಿದ ಎಂದು ಇಣುಕಿ ನೋಡಲು ಕೈ ಎಷ್ಟು ಸಲ ಹೋಯಿತು ಗೊತ್ತಾ! ನೋಡಲಿಲ್ಲ. ನೀವಿಲ್ಲದೆ ನೋಡುವುದಿಲ್ಲ. ಪಾಪ, ಅವನು ಒಲೆಯ ಮುಂದೆಯೇ ನಿಂತಿರಲಿ. ನಾಳೆ ನಾನು ಏನು ಮಾಡುತ್ತೇನೆ ಎಂಬುದು ಮಾತ್ರ ಪಾತ್ರೆ ತೊಳೆಯುವಾಗ ಹೊಳೆದಿದೆ. ಮಾಡಿ ಬಂದು ಮುಂದಿನದನ್ನು ಬರೆಯುತ್ತೇನೆ.

*

ಭಾನುವಾರ, ಊಟವಾದ ಮೇಲೆ.

ಮಾಡಿಬಂದೆ.

ದೊಡ್ಡಪ್ಪ ಹಾಳೆ ಕೊಟ್ಟರು, ನನ್ನ ಮುಖ ನೋಡದೆ. ಗಡಿ ಕಾಯುವವರಿಗೆ ಓದಿದೆ, ಕೈಕಾಲಿನ ಬಲಕ್ಕೆ ಓದಿದೆ, ಅನ್ನ ನೀರಿಗೆ ಓದಿದೆ. ಆಮೆನ್‌ಗಳು ಬಂದವು, ತೆಳ್ಳಗೆ. ಕೊನೆಯ ಸಾಲಿಗೆ ಬಂದಾಗ ಬೆಂಚು ಬಿಟ್ಟು ಅವರ ಹತ್ತಿರ ನಡೆದೆ. ಎರಡೂ ಕೈಯಲ್ಲಿ ಹಾಳೆ ಹಿಡಿದು, "ದೊಡ್ಡಪ್ಪ, ಈ ಸಾಲು ನಿಮ್ಮದು. ನನ್ನ ಬಾಯಿಂದ ಬರಲ್ಲ, ಕ್ಷಮಿಸಿ. ನೀವೇ ಓದಿ. ನೀವು ಓದಿ ಮುಗಿಸೋವರೆಗೆ ನಾನು ನಿಮ್ಮ ಪಕ್ಕದಲ್ಲೇ ನಿಂತಿರ್ತೀನಿ" ಎಂದೆ. ಇಷ್ಟು ವರ್ಷ ಅವರು ಅದನ್ನು ಬರೆದಿದ್ದರು, ಬೇರೆಯವರ ಬಾಯಿಂದ ಕೇಳಿದ್ದರು. ತಮ್ಮ ಬಾಯಿಂದ ಎಂದೂ ಹೇಳಿರಲಿಲ್ಲ.

ತೆಗೆದುಕೊಂಡರು. ಎದ್ದು ನಿಂತರು. ಕನ್ನಡಕ ಹಾಕಿಕೊಂಡರು. "ನಮ್ಮ ವೈರಿಗಳ ತಾಯಂದಿರ" ಎಂದರು. ಅಲ್ಲಿ ನಿಂತರು. ಮತ್ತೆ ಮೊದಲಿನಿಂದ, "ನಮ್ಮ ವೈರಿಗಳ ತಾಯಂದಿರ" ಎಂದರು. ಹಾಳೆಯ ಮೇಲಿದ್ದ ಕಣ್ಣು ಎದ್ದು ಹೆಂಗಸರ ಕಡೆಯ ಮುಂದಿನ ಬೆಂಚಿಗೆ ಹೋಯಿತು. ದೊಡ್ಡಮ್ಮ ತಲೆ ತಗ್ಗಿಸಿರಲಿಲ್ಲ, ಅವರನ್ನೇ ನೋಡುತ್ತಿದ್ದರು. ದೊಡ್ಡಪ್ಪ ಹಾಳೆಯನ್ನು ಬಟ್ಟೆ ಮಡಚುವ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚಿ, ಜೇಬಿಗೆ ಹಾಕಿಕೊಂಡು, ಕೂತುಬಿಟ್ಟರು. ಅಳಲಿಲ್ಲ. ಕೋಟಿನ ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ. ನಾನು ಪಕ್ಕದಲ್ಲಿ ನಿಂತೇ ಇದ್ದೆ, ಹಾಡು ಶುರುವಾಗುವವರೆಗೆ.

ಯಾರೂ ಆಮೆನ್ ಅನ್ನಲಿಲ್ಲ. ಯಾವುದಕ್ಕೆಂದು ಅನ್ನುವುದು? ಇವತ್ತಿನ ಪ್ರಾರ್ಥನೆ ಮುಗಿದೇ ಇಲ್ಲ. ನಮ್ಮ ಪುಸ್ತಕದ ಹಾಗೆ ಅದೂ ನಡುವಿನಲ್ಲೇ ನಿಂತಿದೆ.

ಹೊರಗೆ ಬಂದಾಗ ನನ್ನನ್ನು ಯಾರೂ ಮಾತಾಡಿಸಲಿಲ್ಲ. ಮೆಟ್ಟಿಲಿಳಿಯುವಾಗ ಅತ್ತೆ ನನ್ನ ತೋಳು ಹಿಡಿದುಕೊಂಡರು. ಬೀದಿ ಕೊನೆಯವರೆಗೂ, ಎಲ್ಲರ ಎದುರಿಗೆ, ಬಿಡಲಿಲ್ಲ. "ಮಂಡಿ ನೋವು" ಎಂದರು. ನಿಮಗೆ ಗೊತ್ತು, ಅವರಿಗೆ ನೋವಿರುವುದು ಸೊಂಟ.

ಈಗ ಅವರು ಮಲಗಿದ್ದಾರೆ. ಬೀದಿಯಲ್ಲಿ ಯಾರೂ ಇಲ್ಲ. ನಾವು ಓದುತ್ತಿದ್ದ ಹೊತ್ತು ಇದು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಿದ್ದೇನೆ, ಮುಚ್ಚಿದ ಹಾಗೆಯೇ. ಬನ್ನಿ, ಬೇಗ ಬನ್ನಿ. ಬರಲಾಗದಿದ್ದರೆ ಬರೆಯಿರಿ, ಒಂದೇ ಸಾಲಾದರೂ ಸರಿ, ನನ್ನನ್ನು ಬೈದಾದರೂ ಸರಿ. ನಿಮ್ಮ ಸುದ್ದಿ ಬಂದ ದಿನ ನಾನು ಓದುವ ಸರದಿ ಮುಗಿಯುತ್ತದೆ, ನಾವು ಒಟ್ಟಿಗೆ ಓದುವುದು ಶುರುವಾಗುತ್ತದೆ.

ನಿಮ್ಮ ಒಲೆ ಆರದಿರಲಿ, ನಿಮ್ಮ ಮುಂದೆ ತಟ್ಟೆ ಹಿಡಿದು ನಿಂತವರಲ್ಲಿ ಒಬ್ಬರೂ ಕಡಿಮೆಯಾಗದಿರಲಿ. ಕರ್ತನು ನಿಮ್ಮ ಕೈಯನ್ನು ಸುಡದ ಹಾಗೆ, ಮನಸ್ಸನ್ನು ತಣ್ಣಗಾಗದ ಹಾಗೆ ಕಾಯಲಿ.

ನಿಮ್ಮ ಏಪ್ರನ್ನಿನೊಳಗಿರುವ,
ನಿಮ್ಮವಳೇ ಆದ ಮೇಡಮ್ಮ